ಹಿಮ್ಮಡಿಯ ಬೊಟ್ಟು

ಬನ್ನಿ, ಒಲೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಳ್ಳಿ.
ಒದ್ದೆ ಕೋಟು ಅಲ್ಲಿ, ಬಾಗಿಲ ಹಿಂದಿನ ಮೊಳೆಗೆ.
ದೋಣಿ ತಡವಾಯಿತೆಂದು ಯಾರೂ ಕ್ಷಮೆ ಕೇಳಬೇಕಿಲ್ಲ,
ಚಿಲೊಯೆಯಲ್ಲಿ ಗಡಿಯಾರ ಓಡುವುದು ಗಾಳಿಯ ಅಪ್ಪಣೆ ಕೇಳಿಯೇ.

ಇದು ಗೊಂಬೆ. ಇದರ ಕಾಲು ಮಾತ್ರ ಸವೆದಿದೆ,
ಹನ್ನೊಂದು ವರ್ಷ ಬರೀ ಹಿಮ್ಮಡಿಯನ್ನೇ ತೋರಿಸಿದ್ದೇನೆ.
ನಡುವೆ ಅಲ್ಲ, ನೋಡಿ, ಅಂಚಿನಲ್ಲಿ, ಈ ಪಕ್ಕದಲ್ಲಿ,
ಮೊದಲು ಬೆಚ್ಚಗೆ ಹಿಡಿದು, ಆಮೇಲೆ ಒಂದು ಚುಚ್ಚು.
ಕಾಗದದ ಮೇಲೆ ನಾಲ್ಕು ಖಾಲಿ ಸೊನ್ನೆಗಳಿವೆ,
ಒಂದೊಂದಕ್ಕೂ ಒಂದೊಂದು ಹನಿ, ಅಂಚು ಮುಟ್ಟುವ ತನಕ.
ಆಗ ಮಗು ನಿಮ್ಮ ಎದೆಗಂಟಿ ಹಾಲು ಕುಡಿಯುತ್ತಿರಲಿ.
ಅಳುತ್ತದೆ. ಅಳಲಿ.
ಅಳುವಿನ ಬಗ್ಗೆ ಆಮೇಲೆ ಹೇಳುತ್ತೇನೆ.

ಏನು ಎಲಿಸೆಯೊ, ತಲೆ ಆಡಿಸುತ್ತಿದ್ದೀಯ?
ಚಿಪ್ಪುಮೀನಿಗೆ ಹತ್ತು ಮಾರು ಆಳ ಮುಳುಗುವವನು
ಸೂಜಿಯ ಹೆಸರಿಗೇ ಬೆಳ್ಳಗಾದೆಯಲ್ಲ.
'ಗಟ್ಟಿಮುಟ್ಟಾಗಿ ಹುಟ್ಟಿದ ಕೂಸಿಗೆ ಯಾಕೆ ನೋವು' ಅನ್ನುತ್ತೀಯ.
ಗಟ್ಟಿಮುಟ್ಟಾದ ಕೂಸಿಗೇ ಈ ಸೂಜಿ, ಮಾರಾಯ.
ಕಾಯಿಲೆ ಮುಖದಲ್ಲೇ ಕಂಡಿದ್ದರೆ ಕಾಗದ ಯಾಕೆ ಬೇಕಿತ್ತು?
ನಿನ್ನ ದೋಣಿಯ ತಳದ ಬಿರುಕನ್ನು
ದಡದಲ್ಲಿದ್ದಾಗ ಹುಡುಕುತ್ತೀಯೋ, ನಡುನೀರಿನಲ್ಲೋ?

ನಿನ್ನ ಅತ್ತೆ ಕೆಂಪು ಉಣ್ಣೆಯ ದಾರ ಹೊಸೆದಿಟ್ಟಿದ್ದಾಳೆ, ಗೊತ್ತು,
ಕೆಟ್ಟ ಕಣ್ಣು ತಾಗದಿರಲಿ ಅಂತ. ಕಟ್ಟಲಿ. ನಾನು ಬಿಚ್ಚುವುದಿಲ್ಲ.
ಆ ಕೆಂಪು ಮಣಿಕಟ್ಟಿಗೆ, ಈ ಕೆಂಪು ಹಿಮ್ಮಡಿಗೆ.
ಅದು ಹೊರಗಿನ ಕಣ್ಣಿಗೆ,
ಇದು ಒಳಗೇ ಕೂತು ಸದ್ದಿಲ್ಲದೆ ಕದಿಯುವುದಕ್ಕೆ.

ಈಗ ಅಳುವಿನ ಮಾತು.

ನನ್ನ ಅಣ್ಣ ಬೆಲಾರ್ಮಿನೊ ಹುಟ್ಟಿದಾಗ
ಈ ಕಾಗದ ನಮ್ಮ ದ್ವೀಪಕ್ಕೆ ಬಂದಿರಲಿಲ್ಲ.
ಅವನು ಅಳುತ್ತಿರಲಿಲ್ಲ.
ಎಬ್ಬಿಸಿದರೆ ಹಾಲು, ಬಿಟ್ಟರೆ ನಿದ್ದೆ.
ಚರ್ಚಿನಿಂದ ಬಂದ ಹೆಂಗಸರು ತೊಟ್ಟಿಲಿಗೆ ಬಗ್ಗಿ
'ಎಂಥ ಸಾಧು ಮಗು, ನೀನು ಪುಣ್ಯವಂತೆ' ಅಂದರು.
ಅಮ್ಮ ಆ ಹೊಗಳಿಕೆಯನ್ನು ನಂಬಿ,
ಆ ಮೌನದ ಪಕ್ಕದಲ್ಲೇ ಕೂತು
ಮೂರು ಕಂಬಳಿ ನೇಯ್ದಳು.
ನಾಲ್ಕನೆಯದರ ಹೊತ್ತಿಗೆ ಅನುಮಾನ.
ಕೊರಳಲ್ಲೊಂದು ಗ್ರಂಥಿ, ಚಿಟ್ಟೆಯ ಆಕಾರದ್ದು,
ಅವನದು ರೆಕ್ಕೆ ಬಿಚ್ಚಲೇ ಇಲ್ಲ.
ಬೇಕಿದ್ದದ್ದು ದಿನಕ್ಕೊಂದು ಮಾತ್ರೆ, ಎದೆಹಾಲಲ್ಲಿ ಕದಡಿ,
ಸಾಸಿವೆಗಿಂತ ತುಸು ದೊಡ್ಡದು.
ಉಗುರಿನಲ್ಲಿ ಹೋಗುವುದಕ್ಕೆ
ಆಮೇಲೆ ಯಾವ ಕೊಡಲಿಯೂ ಸಾಲಲಿಲ್ಲ.

ಈಗ ಅವನಿಗೆ ಐವತ್ತೆರಡು.
ಸೌದೆ ಒಟ್ಟುತ್ತಾನೆ, ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ.
ಬೂಟಿನ ದಾರ ತಾನೇ ಕಟ್ಟಿಕೊಂಡ ದಿನ
ಬೀದಿಗೆಲ್ಲ ಕಾಲು ತೋರಿಸಿಕೊಂಡು ಬಂದ.
ಅವನನ್ನು ಕಂಡು ಅಯ್ಯೋ ಅನ್ನಬೇಡಿ, ಅವನಿಗೆ ಹಿಡಿಸುವುದಿಲ್ಲ.
ಈ ಒಲೆಯ ಸೌದೆಯೂ ಅವನದೇ.

ಕಾಗದ ನೆರಳಲ್ಲಿ ಒಣಗಬೇಕು, ಒಲೆಯ ಹತ್ತಿರ ಅಲ್ಲ.
ಆಮೇಲೆ ಲಕೋಟೆ, ದೋಣಿ, ಬಸ್ಸು, ದೂರದ ಪ್ರಯೋಗಾಲಯ.
ಅದಕ್ಕೇ ಫೋನ್ ನಂಬರು ಸರಿಯಾಗಿ ಬರೆಯಿರಿ,
ಹಳೇ ಸಿಮ್ಮಿನದಲ್ಲ, ಹೊವಿತಾ, ಜಗಳವಾಡಿದ ನಾದಿನಿಯದೂ ಅಲ್ಲ.
ಫೋನ್ ಬಂದರೆ ಎದೆ ಒಡೆದುಕೊಳ್ಳಬೇಡಿ,
ಬಹಳ ಸಲ ಅದು ಇನ್ನೊಂದು ಹನಿ ಕೇಳುವುದಕ್ಕೆ, ಅಷ್ಟೆ.
ಆದರೆ ಅವತ್ತೇ ಹೊರಡಿ.
ಆಲೂಗಡ್ಡೆ ಕೀಳುವ ಕೆಲಸ ಕಾಯುತ್ತದೆ,
ಮಿದುಳು ಕಾಯುವುದಿಲ್ಲ.

ಬಾ ಎಲಿಸೆಯೊ, ಗೊಂಬೆಯ ಕಾಲು ಹಿಡಿ.
ಅಷ್ಟು ಬಿಗಿಯಾಗಿ ಅಲ್ಲ, ಅದು ಚಿಪ್ಪಲ್ಲ.
ಹೀಗೆ. ಅಂಗೈಯ ಬಿಸಿ ಅದಕ್ಕೆ ತಾಗಲಿ.
ನಿನ್ನ ಕೈ ನಡುಗುತ್ತಿದೆ, ಪರವಾಗಿಲ್ಲ,
ನನ್ನದೂ ನಡುಗುತ್ತದೆ, ಪ್ರತಿ ಸಲ,
ಚುಚ್ಚಿದ ಮೇಲೆ,
ಅಳು ಕೇಳುವ ತನಕ.