ಹಿಡಿ

ಬಾಗಿಲಿಗೆ ಬೆನ್ನು ಮಾಡಿ ಕೂತು
ಐದೂ ಗುಂಡು ತೆಗೆದು ನನ್ನ ಚಹಾದ ತಟ್ಟೆಯಲ್ಲಿಟ್ಟ
ಹಮೂದ್ ಬಿನ್ ಸೈಫ್.
ಖಾಲಿ ಗೂಡುಗಳನ್ನು ಬೆಳಕಿಗೆ ಹಿಡಿದು ತೋರಿಸಿದ
ಒಮ್ಮೆ ನನಗೆ, ಒಮ್ಮೆ ಮುಖ್ಲೇಸನಿಗೆ.
ಪರವಾನಗಿಯ ಕಾಗದವನ್ನೂ ಬಿಡಿಸಿಟ್ಟ,
ಮಡಿಕೆಯ ಜಾಗದಲ್ಲಿ ಅಕ್ಷರ ಸವೆದಿತ್ತು.

ನಿಜ್ವಾದ ಸೂಕಿನ ಹಿಂದಿನ ಓಣಿ,
ಖಂಜರಿಗೆ ಹಿಡಿ ಕೂರಿಸುವ ಅಂಗಡಿ.
ಕಾರ್ಕಳದ ಆಚಾರಿ ನಾನು; ಇಲ್ಲಿ ಎಲ್ಲರಿಗೂ ನಜ್ಜಾರ್.
ಪಿಸ್ತೂಲಿಗೆ ಮರ ಕಟ್ಟಿದವನಲ್ಲ.
ಹಿಡಿ ಹಿಡಿಯೇ, ಅಂದ ಅವನು.

ಚಿನ್ನದಂಗಡಿಯ ದುಡ್ಡು ಹೊತ್ತು ರಾತ್ರಿ ನಡೆಯುವವನು.
ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೊರತೆಗೆದಿಲ್ಲವಂತೆ.
ನಾನು ಕೇಳಿರಲಿಲ್ಲ.

ತೊಂದರೆ ಇಷ್ಟೇ: ಬಿಸ್ಕತ್ತಿನಷ್ಟು ಹಿಡಿ, ದೊಡ್ಡ ಅಂಗೈ.
ಕಿರುಬೆರಳಿಗೆ ಜಾಗವಿಲ್ಲ,
ಪಂಕ್ತಿಯ ತುದಿಯಲ್ಲಿ ಎಲೆ ಸಿಗದೆ ನಿಂತವನ ಹಾಗೆ ತೂಗುತ್ತದೆ.
ನಡುಬೆರಳಿನ ಗೆಣ್ಣಿಗೆ ಕಬ್ಬಿಣ ಬಡಿಯುತ್ತದೆ.
ರಬ್ಬರ್ ಹಾಕಿಸಿದ್ದ ಒಮ್ಮೆ. ಕೈಗೆ ಮೆತ್ತಗೆ, ಬಟ್ಟೆಗೆ ಜಿಗಣೆ;
ಬಿಳಿ ದಿಶ್ದಾಶ ಅದನ್ನು ಕಚ್ಚಿಕೊಂಡು
ಅವನು ಎದ್ದಾಗಲೆಲ್ಲ ಊರಿಗೆ ಡಂಗುರ.
ದಂತದ್ದು ಬೆವರಿದರೆ ಮೀನು.
ಗೀರು ಹೊಡೆದ ಮರ ಒಳಂಗಿ ಹರಿಯಿತು,
ಹೆಂಡತಿ ಬೈದಳು.

ಮುಖ್ಲೇಸ ರೊಟ್ಟಿಗೆ ಕಲಸಿಟ್ಟ ಹಿಟ್ಟಿನಲ್ಲಿ ಒಂದು ಉಂಡೆ ಕೊಟ್ಟೆ.
ಹಿಂಡಬೇಡ, ಅಂದೆ.
ಮಗುವಿನ ಕೈ ಹಿಡಿದು ರಸ್ತೆ ದಾಟಿಸುವಷ್ಟು.
ಅವನು ಕಣ್ಣು ಮುಚ್ಚಿ ಹಿಡಿದ.
ಹಿಟ್ಟಿನಲ್ಲಿ ಕೈ ಬಂತು:
ನಾಲ್ಕು ಬೆರಳಿನ ಗದ್ದೆ, ಹೆಬ್ಬೆರಳಿನ ಬುಡದ ಗುಡ್ಡ,
ಹಿಂದೆಂದೋ ಮುರಿದು ಸೊಟ್ಟಗೆ ಕೂಡಿದ ಒಂದು ಎಲುಬು.
ಅಳತೆ ತೆಗೆದ ಮೇಲೆ ಮುಖ್ಲೇಸ ಅದನ್ನೇ ಲಟ್ಟಿಸಿದ.
ರಾತ್ರಿ ತಿಂದದ್ದು ನಾನು.

ಬೀಟೆ ಬೇಡವೆಂದೆ. ಸಿದ್ರ್ ಆರಿಸಿದೆ,
ನಮ್ಮ ಎಲಚಿಯ ದಾಯಾದಿ, ಎಣ್ಣೆ ಕುಡಿದರೆ ಜೇನಿನ ಬಣ್ಣ.
ಕಬ್ಬಿಣದ ಹಿಂದಿನ ಸಂದು ತುಂಬಿದೆ, ಕಿರುಬೆರಳಿಗೆ ಜಗಲಿ ಕಟ್ಟಿದೆ,
ಬಟ್ಟೆ ಜಾರುವಲ್ಲಿ ನುಣುಪು, ಅಂಗೈ ಕೂರುವಲ್ಲಿ ಬೆಕ್ಕಿನ ನಾಲಿಗೆಯಷ್ಟು ಒರಟು.
ಒಂದೇ ತಿರುಪು. ಹದಿನಾಲ್ಕು ದಿನ.
ಹಿಡಿದವನು ಏನೂ ಹೇಳಲಿಲ್ಲ,
ಹೇಳಿದ್ದಕ್ಕಿಂತ ಎರಡು ರಿಯಾಲ್ ಜಾಸ್ತಿ ಇಟ್ಟ.

ತಿಂಗಳು ಕಳೆದು ಬಂದ. ಮತ್ತೆ ತಟ್ಟೆ, ಮತ್ತೆ ಐದು.
ನಜ್ಜಾರ್, ಸ್ವಲ್ಪ ಹಿತ ತೆಗೆ.

ನನಗೆ ಸಿಟ್ಟು ಬಂತು.
ಎಲ್ಲಿ ಚುಚ್ಚುತ್ತದೆ ತೋರಿಸು, ಅಂದೆ.
ಎಲ್ಲೂ ಚುಚ್ಚುವುದಿಲ್ಲ, ಅದೇ.
ಸುಮ್ಮನೆ ಕೂತಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ,
ಜಪಮಣಿ ಹುಡುಕುತ್ತಾ ಹೋಗಿ ಇದನ್ನು ಸವರುತ್ತದೆ.
ಮೊನ್ನೆ ಕತ್ತಲಲ್ಲಿ ನೀರಿನ ಹುಡುಗ ಬಾಗಿಲು ತಟ್ಟಿದ.
ತೆರೆಯುವಾಗ ನೋಡುತ್ತೇನೆ, ಹಿಡಿ ನನ್ನ ಹಿಡಿಯಲ್ಲಿ.
ಮೂವತ್ತು ವರ್ಷ, ನಜ್ಜಾರ್.

ಆ ರಾತ್ರಿ ಖಾಲಿ ಕಬ್ಬಿಣ ಬೆಂಚಿನ ಮೇಲಿತ್ತು.
ಏಸಿ ತೊಟ್ಟಿಕ್ಕುತ್ತಿತ್ತು. ಎತ್ತಿ ಹಿಡಿದೆ.
ಅವನ ಕೈಯ ಅಳತೆ, ಅವನದೇ ಸೊಟ್ಟ ಎಲುಬು;
ಆದರೂ ನನ್ನ ಕೈ ತಕರಾರಿಲ್ಲದೆ ಕೂತಿತು,
ನೆಂಟರ ಮನೆಯ ಮಂಚದಲ್ಲಿ ನಿದ್ದೆ ಬಂದ ಹಾಗೆ.
ಗೋಡೆಗೆ ಗುರಿಯಿಟ್ಟೆ ಅಂತ ಹೇಳಲಾರೆ.
ಗೋಡೆಯ ಕಡೆ ತಿರುಗಿತ್ತು, ಅಷ್ಟೆ.

ಕೆತ್ತಿ ತೆಗೆದ ಮರ ಮರಳಿ ಬರುವುದಿಲ್ಲ.
ಹೆಬ್ಬೆರಳಿನ ಬುಡ ಕೂರುವಲ್ಲಿ ಸಣ್ಣ ತೂತು ಕೊರೆದು
ಹಿತ್ತಾಳೆಯ ಮೊಳೆ ಹೊಡೆದೆ, ತಲೆ ಮಾತ್ರ
ಎಳ್ಳಿನಷ್ಟು ಮೇಲೆ.

ಅವನು ಹಿಡಿದು ನೋಡಿದ. ಹುಬ್ಬು ಗಂಟಾಯಿತು.
ಬಿಟ್ಟ, ಮತ್ತೆ ಹಿಡಿದ.
ಆಂ, ಅಂದ, ಮುಳ್ಳು ಸಿಕ್ಕಿದವನ ಹಾಗೆ.
ಒಂದೊಂದೇ ಗುಂಡು ಎಣಿಸಿ ತುಂಬಿಕೊಂಡು
ಓಣಿಯ ಬಿಸಿಲಿಗೆ ಇಳಿದ.

ನಾನು ತಟ್ಟೆ ತೊಳೆದೆ.
ಎರಡು ಸಲ.