ಖಾರ ಇದೆ, ನೋಡಿಕೊಂಡು

ಬೆಳಗಿನ ಜಾವ ಬೇಕರಿಗೆ ಹೊರಟರೆ
ಹೆಲ್ಯು ಅಜ್ಜಿಯ ಗೇಟಿನ ಹೊರಗೆ
ತಗಡಿನ ಬಕೀಟು, ತುಂಬ ಸೇಬು,
ಮೇಲೊಂದು ರಟ್ಟಿನ ಚೂರು: ‘ಬೇಕಾದವರು ಒಯ್ಯಿರಿ.’

ಅಂದರೆ, ಬಂತು.
ಕ್ಯಾಲೆಂಡರು ಏನೇ ಹೇಳಲಿ,
ತಾರ್ತುವಿನ ಈ ಓಣಿಗೆ ಶರತ್ತು ಬರುವುದು
ಬಕೀಟಿನಲ್ಲೇ.

ಎರಡು ಆರಿಸಿಕೊಂಡೆ, ಹುಳ ಕೊರೆದದ್ದನ್ನೇ.
ಸಿಹಿ ಯಾವುದೆಂದು ಹುಳಕ್ಕಿಂತ ಬಲ್ಲವರು ಯಾರು?
ಕಚ್ಚಿದರೆ ಹಲ್ಲು ಜುಮ್ಮೆಂದಿತು,
ಇರುಳೆಲ್ಲ ತಣ್ಣಗೆ ಹರಿದ ಹೊಳೆಯನ್ನೇ ಕಚ್ಚಿದಂತೆ.

ಮೊದಲ ವರ್ಷ ಹೆದರಿದ್ದೆ, ಸುಳ್ಳೇಕೆ.
ಮಧ್ಯಾಹ್ನವೇ ಕತ್ತಲಾಗುವ ತಿಂಗಳುಗಳು ಮುಂದಿವೆ ಎಂದು
ಹಿಟ್ಟು ನಾದುವ ಹುಡುಗರು ಹೆದರಿಸಿದ್ದರು.
ಒಂದೊಂದು ಎಲೆ ಬಿದ್ದಾಗಲೂ
ಯಾರೋ ಓಣಿಯ ಆ ತುದಿಯಿಂದ
ದೀಪ ಆರಿಸುತ್ತ ಬಂದ ಹಾಗೆ.
ಮೂರು ಸ್ವೆಟರು, ಮೇಲೊಂದು ಶಾಲು,
ಬಾಳಕದ ಮೆಣಸಿನಕಾಯಿಯ ಡಬ್ಬಿಯನ್ನು
ಮದ್ದಿನಂತೆ ತಲೆದೆಸೆಯಲ್ಲಿಟ್ಟು ಮಲಗುತ್ತಿದ್ದೆ.

ಇದು ಐದನೆಯದು.
ಈಗ ನಾನೇ ಕಾಯುತ್ತೇನೆ.
ಆಗಸ್ಟ್ ಮುಗಿಯುವ ಮೊದಲೇ ಬರ್ಚ್ ಮರದ ನೆತ್ತಿಯಲ್ಲಿ
ಮೊದಲ ಹಳದಿ ಎಳೆ ಹುಡುಕುತ್ತೇನೆ,
ಕನ್ನಡಿಯ ಮುಂದೆ ಬೈತಲೆಯಲ್ಲಿ ಹುಡುಕಿದ ಹಾಗೆ.

ಇಲ್ಲಿಯ ಮಳೆಗೆ ಹೆಸರಿಲ್ಲ, ಪಾಪ.
ವರ್ಷವಿಡೀ ಬರೀ ಮಳೆ.
ನಾನೇ ನಾಮಕರಣ ಮಾಡಿದ್ದೇನೆ:
ಸೋಮವಾರ ಸುರಿದದ್ದು ಉತ್ತರೆ,
ನಿನ್ನೆ ರಾತ್ರಿ ತಗಡಿನ ಮೇಲೆ ಅಕ್ಕಿ ಕೇರಿದ್ದು ಹಸ್ತ.
ಚಿತ್ತೆ ಇನ್ನೂ ಬರಬೇಕು;
ಬರುವುದು ಬಿಡುವುದು ಅದರ ಚಿತ್ತ.

ಭಾನುವಾರ ಬಸ್ಸು ಹತ್ತಿ ಅಣಬೆಗೆ ಹೋದೆವು.
ಎಂಬತ್ತೊಂದರ ಅವಳು ಮುಂದೆ, ಚಾಕು ಹಿಡಿದು;
ಐವತ್ತಮೂರರ ನಾನು ಹಿಂದೆ, ಬುಟ್ಟಿ ಹೊತ್ತು, ಏದುಸಿರು ಬಿಡುತ್ತ.
ಪಾಚಿಯ ನೆಲ, ಹುದುಗು ಬಂದ ಹಿಟ್ಟು:
ಕಾಲಿಟ್ಟರೆ ಕುಸಿದು, ತೆಗೆದರೆ ಮೆಲ್ಲಗೆ ಏಳುತ್ತದೆ.
ಕೆಂಪು ಟೊಪ್ಪಿಯದನ್ನು ಮುಟ್ಟಹೋದೆ.
ಪಟ್ಟನೆ ಕೈಗೆ ಹೊಡೆದಳು, ಥೇಟ್ ನನ್ನ ಸೋದರತ್ತೆ.
ಹಳದಿಯದು ಕಂಡಾಗ ಮಾತ್ರ ಇಬ್ಬರೂ ಪಿಸುಗುಟ್ಟಿದೆವು,
ಗಟ್ಟಿಯಾಗಿ ಅಂದರೆ ಎದ್ದು ಓಡುತ್ತವೇನೋ ಎಂಬಂತೆ.

ದಣಿದು ಕೂತಲ್ಲಿ
ಅಂಗೈಯಗಲದ ಮೇಪಲ್ ಎಲೆ ಅವಳ ಮಡಿಲಿಗೆ ಬಿತ್ತು.
ನಿಮ್ಮಲ್ಲಿ ಇದಕ್ಕೇನನ್ನುತ್ತೀರಿ?
ಹಣ್ಣೆಲೆ, ಅಂದೆ.
ನನ್ನ ಮುರುಕು ಎಸ್ಟೋನಿಯನ್ನಿನಲ್ಲಿ ಬಿಡಿಸಿ ಹೇಳಿದೆ:
ನಮ್ಮ ಮಾತಿನಲ್ಲಿ ಎಲೆ ಸಾಯುವುದಿಲ್ಲ, ಹಣ್ಣಾಗುತ್ತದೆ.
ತಲೆಗೂದಲೂ ಅಷ್ಟೇ.
ನೀನಂತೂ ಹಣ್ಣು ಹಣ್ಣು ಮುದುಕಿ.
ಎಷ್ಟು ನಕ್ಕಳೆಂದರೆ ಹಲ್ಲಿನ ಸೆಟ್ಟು ಕೈಗೆ ಬಂತು.
ಬಸ್ಸಿನಲ್ಲಿ ಬರುವಾಗಲೂ ಕಿಟಕಿಗೆ ಹಣೆಯಿಟ್ಟು
‘ಹನ್ನು, ಹನ್ನು’ ಎಂದು ಬಾಯಿಪಾಠ.

ಹಣ್ಣೆಲೆ ಉದುರುವಾಗ ಕಾಯೆಲೆ ನಗುತ್ತದಂತೆ.
ಆ ಗಾದೆಯನ್ನು ಅವಳಿಗೆ ಹೇಳಲಿಲ್ಲ.
ಹೇಳೋಣವೆಂದರೆ ಸುತ್ತ ಸಾಕ್ಷಿಯೇ ಇರಲಿಲ್ಲ:
ಬರ್ಚು, ಆಸ್ಪೆನ್ನು, ಹೆಸರು ಗೊತ್ತಿಲ್ಲದ ಪೊದೆ
ಎಲ್ಲ ಒಟ್ಟಿಗೇ ಹಣ್ಣಾಗಿ ನಿಂತಿದ್ದವು,
ನಗುವುದಾದರೆ ಎಲ್ಲರೂ ಸೇರಿಯೇ.
ಪೈನ್ ಮರಗಳು ಮಾತ್ರ ಹಸಿರು;
ಅವು ಹುಟ್ಟಾ ನಗದ ಜಾತಿ.

ಊರಲ್ಲಿ ಈಗ ಪಕ್ಷಮಾಸ.
ಹೊಸತು ಕೊಳ್ಳಬಾರದು,
ಇಷ್ಟು ಖುಷಿಯೂ ಪಡಬಾರದೇನೋ.
ಆದರೂ ಕೆಂಪು ಉಣ್ಣೆಯ ಟೊಪ್ಪಿಯೊಂದನ್ನು ಕೊಂಡೆ.
ಮನಸ್ಸು ತಡೆಯದೆ, ರೈ ಬ್ರೆಡ್ಡಿನ ಚೂರನ್ನು ಕಿಟಕಿಯಲ್ಲಿಟ್ಟೆ.
ಬೂದು ಕತ್ತಿನ ಇಲ್ಲಿಯ ಕಾಗೆ ಬಂದು
ಒಂದು ಕಣ್ಣಲ್ಲಿ ಬ್ರೆಡ್ಡನ್ನು, ಇನ್ನೊಂದರಲ್ಲಿ ಟೊಪ್ಪಿಯನ್ನು ನೋಡಿ
ಬ್ರೆಡ್ಡನ್ನು ಎತ್ತಿಕೊಂಡು ಹೋಯಿತು.
ಯಾರಿಗೂ ಸಿಟ್ಟಿಲ್ಲ ಎಂದಾಯಿತು.

ಈಗ ರಾತ್ರಿ. ಉಳಿದ ಸೇಬು ಹೆಚ್ಚಿ,
ಸಾಸಿವೆ ಸಿಡಿಸಿ, ಬೆಲ್ಲ ಹಾಕಿ ಗೊಜ್ಜು ಕುದಿಸಿದ್ದೇನೆ.
ಕಿಟಕಿಯ ಗಾಜೆಲ್ಲ ಮಂಜು.
ನಾಳೆ ಖಾಲಿ ಬಕೀಟಿನಲ್ಲಿ ಒಂದು ಸೀಸೆ ಇಟ್ಟು
ಅವಳದೇ ರಟ್ಟಿನ ಹಿಂಬದಿಗೆ ಬರೆಯಬೇಕು:
ಖಾರ ಇದೆ, ನೋಡಿಕೊಂಡು.