ಎಡಗೈ ರಂದಾ

ಶಹಾಬಜಾರದಾಗ ಖಾಸಿಂಬಿ
ಗೋಣಿತಟ್ಟು ಬಿಚ್ಚಿ ತೋರಿಸಿದಳು:
ಹಲ್ಲು ಮುಕ್ಕಾದ ಗರಗಸ,
ಹಿಡಿ ಇಲ್ಲದ ಉಳಿ ಎರಡು,
ತಳ ಸವೆದ ರಂದಾ ಒಂದು.

"ಉಳಿಗೆ ನಲವತ್ತರಂಗ ಕೊಡ್ರಿ. ಗರಗಸ ಹಂಗೇ ಒಯ್ರಿ.
ರಂದಾ..." ಅಂದವಳು ಸುಮ್ಮನಾದಳು.

ಬಸ್ಸಿನ್ಯಾಗ ಟಿಕೆಟ್ ಹರಿಯೋ ಕೈ ನಂದು.
ಆರುನೂರು ಎಣಿಸಿಟ್ಟೆ.
ಜಲ್ಮದಾಗ ಮೊದಲ ಸಲ
"ಚಿಲ್ಲರೆ ನೀವೇ ಇಟ್ಕೋರಿ" ಅಂದೆ.

ಮನಿ ಮೆಟ್ಟಲದ ಕೆಳಗ
ಮೂರು ಮೊಳದ ನನ್ನ ಕಾರ್ಖಾನಿ.
ಶಹಾಬಾದ್ ಫರಸಿಗೆ ತಳ ತಿಕ್ಕಿದೆ,
ಸಾಣಿಕಲ್ಲಿಗೆ ಅಲಗು ಮಸೆದೆ
ಮುಂಗೈ ಕೂದಲು ಬೋಳಾಗೋ ತನಕ.
ಆದ್ರೂ ಜಾಲಿ ತುಂಡಿನ ಮ್ಯಾಲ
ಕೆರಿ ದಂಡಿ ಎಮ್ಮಿ ಹಾಂಗ ನಿಂತೇ ಬಿಡ್ತು.
ಹಿಡಿಯೊಳಗಿನ ತಗ್ಗಿನ್ಯಾಗ
ನನ್ನ ಹೆಬ್ಬೆರಳು ಕೂಡಲೇ ಇಲ್ಲ.

ಮರುದಿನ ಹೋಗಿ ಕೇಳಿದೆ. ನಕ್ಕಳು:
"ನಮ್ಮವ್ರು ಎಡಚ ಇದ್ರಲ್ಲ!
ಊಟ ಒಂದೇ ಬಲಗೈಲೆ."

ಈಗ ಕೊನೀ ಟ್ರಿಪ್ ಮುಗಿಸಿ ಬಂದು
ಎಡಗೈ ಮುಂದ ಮಾಡಿ ತಳ್ಳತೀನಿ.
ಹತ್ತು ಸಲ ಕಚ್ಚತದ.
ಹನ್ನೊಂದನೇದಕ್ಕ
ಟಿಕೆಟಿಗಿಂತ ತೆಳ್ಳನ ಸುರುಳಿಯೊಂದು
ಬಾಯಿಂದ ಎದ್ದು ಬೆರಳಿಗೆ ಸುತ್ತಿಕೊಂಡ್ತು.

ಹರಿಯಾಕ ಮನಸ್ಸಾಗಲಿಲ್ಲ.
ಖಾಕಿ ಅಂಗಿ ಕಿಸೇದಾಗ ಇಟ್ಟೀನಿ.